ಡಿಜಿಟಲ್ ಪತ್ರಿಕೋದ್ಯಮದ ಎಂ.ಎ.: ಕೊನೇ ಸೆಮಿಸ್ಟರಿನ ಪ್ರಾಜೆಕ್ಟು ಕೆಡುವುದು ಎಲ್ಲಿ?

ಪತ್ರಿಕೋದ್ಯಮದ ಎಂ.ಎ. ಅಂದರೆ ನಾಲ್ಕು ಸೆಮಿಸ್ಟರು. ಸಂವಹನ ಸಿದ್ಧಾಂತ, ಕನ್ನಡ ಪತ್ರಿಕಾ ಇತಿಹಾಸ, ಮಾಧ್ಯಮ ಕಾನೂನು, ಸಂಶೋಧನಾ ವಿಧಾನ, ನಡುವೆ ಎಲ್ಲೋ ‘ಡಿಜಿಟಲ್’ ಹೆಸರಿನ ಒಂದೆರಡು ಪೇಪರು, ಕೊನೆಗೆ ಪ್ರಬಂಧ ಅಥವಾ ಪ್ರಾಜೆಕ್ಟು. ಸೇರಿದ ತಕ್ಷಣ ಎಲ್ಲರೂ ಕೇಳುವುದು, ಯಾವ ಸಾಫ್ಟ್‌ವೇರ್ ಕಲಿಯಬೇಕು ಅಂತ. ಅದು ಹದಿನೈದು ದಿನದ ಕೆಲಸ, ಬಿಡಿ. ಪ್ರಾಜೆಕ್ಟು ಕೆಡುವುದು ಬೇರೆ ಎರಡು ಕಡೆ. ಬೇಕಾದ ದಾಖಲೆ ಕೈಗೆ ಬರುವಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ. ಬಂದರೂ ಅದು ಕನ್ನಡದಲ್ಲಿರುತ್ತದೆ, ಆ ಕನ್ನಡವನ್ನು ಕಂಪ್ಯೂಟರ್ ಓದುವ ಹಾಗೆ ಮಾಡುವುದನ್ನು ಪಠ್ಯದಲ್ಲಿ ಹುಡುಕಿದರೂ ಸಿಗುವುದಿಲ್ಲ.

ಸುಮ್ಮನೆ ಹೇಳಿದರೆ ಪ್ರಯೋಜನವಿಲ್ಲ, ಒಂದು ವಿಷಯ ಹಿಡಿದೇ ನೋಡೋಣ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ನಿಮ್ಮ ತಾಲ್ಲೂಕಿನಲ್ಲಿ ಬೆಳೆ ಪರಿಹಾರ ಎಷ್ಟು ರೈತರಿಗೆ, ಎಷ್ಟು ವಿಸ್ತೀರ್ಣಕ್ಕೆ, ಯಾವ ತಾರೀಖಿಗೆ ಸಿಕ್ಕಿತು? ಎಂ.ಎ. ಪ್ರಾಜೆಕ್ಟಿಗೆ ಇದು ಹದವಾದ ಪ್ರಶ್ನೆ. ಒಂದು ತಾಲ್ಲೂಕು, ಒಂದು ವರ್ಷ, ಲೆಕ್ಕ ಹಾಕಬಹುದಾದ ಉತ್ತರ. ‘ಕರ್ನಾಟಕದಲ್ಲಿ ಬರ ಮತ್ತು ಮಾಧ್ಯಮ’ ಎಂಬ ಶೀರ್ಷಿಕೆ ಇಟ್ಟುಕೊಂಡವರು ಮಾರ್ಚ್ ತಿಂಗಳಲ್ಲೂ ಇನ್ನೂ ಪೀಠಿಕೆಯಲ್ಲೇ ಇರುತ್ತಾರೆ.

ಮೊದಲು ಕ್ಯಾಲೆಂಡರು. ಮಾಹಿತಿ ಹಕ್ಕು ಅರ್ಜಿಗೆ ಉತ್ತರ ಕೊಡಲು ಸಾರ್ವಜನಿಕ ಮಾಹಿತಿ ಅಧಿಕಾರಿಗೆ 30 ದಿನ. ಉತ್ತರ ಬರಲಿಲ್ಲ ಅಥವಾ ಅರೆಬರೆ ಬಂತು ಅಂದರೆ ಮೊದಲ ಮೇಲ್ಮನವಿ. ಅದರ ವಿಲೇವಾರಿಗೆ 30 ದಿನ, ಕಾರಣ ಬರೆದು 45 ದಿನಕ್ಕೆ ಎಳೆಯಬಹುದು. ಅಲ್ಲಿಗೆ 75 ದಿನ, ಟಪಾಲಿನ ದಿನ ಬೇರೆ. ಹದಿನಾರು ವಾರದ ಸೆಮಿಸ್ಟರಿನಲ್ಲಿ ಹನ್ನೊಂದು ವಾರ ಇದಕ್ಕೇ ಹೋಯಿತು. ಉಳಿದ ಐದು ವಾರದಲ್ಲಿ ಸ್ವಚ್ಛಗೊಳಿಸಿ, ವಿಶ್ಲೇಷಿಸಿ, ಹಳ್ಳಿಗೆ ಹೋಗಿ, ಬರೆದು, ಬೈಂಡಿಂಗ್ ಮಾಡಿಸುವುದು ಆಗುವ ಮಾತಲ್ಲ. ಎರಡನೇ ಮೇಲ್ಮನವಿಯನ್ನು 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಹಾಕಬಹುದು, ಆದರೆ ಅದನ್ನು ಇಷ್ಟೇ ದಿನದಲ್ಲಿ ಇತ್ಯರ್ಥ ಮಾಡಬೇಕೆಂದು ಕಾಯ್ದೆಯಲ್ಲಿಲ್ಲ. ಹಾಗಾಗಿ ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ. ಅರ್ಜಿ ಹೋಗಬೇಕಾದದ್ದು ಮೂರನೇ ಸೆಮಿಸ್ಟರಿನ ಮೊದಲ ತಿಂಗಳಲ್ಲಿ, ಮಾರ್ಗದರ್ಶಕರು ಯಾರೆಂದು ಇನ್ನೂ ಗೊತ್ತಾಗದಿದ್ದರೂ. ಒಂದೇ ಶೈಕ್ಷಣಿಕ ವರ್ಷದ ಪಿ.ಜಿ. ಡಿಪ್ಲೊಮಾ ಮಾಡುವವರಿಗೆ ಈ ದಾರಿ ಕಷ್ಟ. ಅವರು ಈಗಾಗಲೇ ಬಹಿರಂಗವಾಗಿರುವ ಅಂಕಿಅಂಶ ಹಿಡಿಯುವುದೇ ವಾಸಿ.

ಅರ್ಜಿ ನಮೂನೆ ‘ಎ’ಯಲ್ಲಿ, ಶುಲ್ಕ ₹10. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರುವಂತಿಲ್ಲ. ಬಹಳಷ್ಟು ವಿದ್ಯಾರ್ಥಿ ಅರ್ಜಿಗಳು ಇಲ್ಲೇ ಮುಗ್ಗರಿಸುತ್ತವೆ. ಪರಿಹಾರ, ಮೇವು ಬ್ಯಾಂಕ್, ಕುಡಿಯುವ ನೀರಿನ ಟ್ಯಾಂಕರ್ ಮೂರನ್ನೂ ಒಂದರಲ್ಲೇ ಕೇಳಿದರೆ ವಾಪಸ್ ಕಳಿಸಲು ಅಧಿಕಾರಿಗೆ ಕಾರಣ ಕೊಟ್ಟಂತೆ. ಮೂರು ಅರ್ಜಿ ಹಾಕಿ, ಮೂವತ್ತು ರೂಪಾಯಿ ಹೋಗಲಿ. ಎರಡನೇ ತಪ್ಪು, ‘ಯಾಕೆ’ ಎಂದು ಕೇಳುವುದು. ‘ನಮ್ಮ ಹೋಬಳಿಗೆ ಪರಿಹಾರ ಯಾಕೆ ತಡವಾಯಿತು’ ಎಂಬುದಕ್ಕೆ ಉತ್ತರ ಬರುವುದಿಲ್ಲ. ಕಾಯ್ದೆ ಕೊಡುವುದು ಕಚೇರಿಯಲ್ಲಿ ಇರುವ ದಾಖಲೆಯನ್ನು, ವಿವರಣೆಯನ್ನಲ್ಲ. ‘2023–24ನೇ ಸಾಲಿನ ಬರ ಬೆಳೆ ಪರಿಹಾರ: ಗ್ರಾಮವಾರು ಫಲಾನುಭವಿಗಳ ಸಂಖ್ಯೆ, ಬೆಳೆವಾರು ವಿಸ್ತೀರ್ಣ, ಕಂತುವಾರು ಪಾವತಿಸಿದ ಮೊತ್ತ ಹಾಗೂ ಪಾವತಿ ದಿನಾಂಕ, ತಿರಸ್ಕೃತವಾದ ಪಾವತಿಗಳ ಸಂಖ್ಯೆ ಮತ್ತು ನಮೂದಿಸಿದ ಕಾರಣ’ ಎಂದು ಬರೆದರೆ ತಡವಾದದ್ದು ಯಾಕೆ ಎಂಬುದು ಆ ಪಟ್ಟಿಯಲ್ಲೇ ಕಾಣಿಸುತ್ತದೆ. ‘ಸ್ಪ್ರೆಡ್‌ಶೀಟ್ ರೂಪದಲ್ಲಿ, ಇಮೇಲ್ ಅಥವಾ ಸಿ.ಡಿ. ಮೂಲಕ’ ಎಂದು ಸೇರಿಸುವುದನ್ನು ಮರೆಯಬೇಡಿ. ಕೇಳಿದ ರೂಪದಲ್ಲೇ ಸಾಮಾನ್ಯವಾಗಿ ಕೊಡಬೇಕು ಎಂದು 7(9)ನೇ ಕಲಂ ಹೇಳುತ್ತದೆ. ಹಾಗೆ ಕೇಳದಿದ್ದರೆ ಪುಟಕ್ಕೆ ₹2ರಂತೆ ಜೆರಾಕ್ಸ್ ಕಂತೆ ಬರುತ್ತದೆ, ನಾನೂರು ಪುಟ ಕೂತು ಟೈಪ್ ಮಾಡಬೇಕು.

ಹೆಸರುಗಳನ್ನು ಕೇಳಲೇಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 44(3)ನೇ ಕಲಂ, ಆರ್‌ಟಿಐ ಕಾಯ್ದೆಯ 8(1)(ಜೆ)ಯನ್ನು ಬದಲಿಸಿ ವೈಯಕ್ತಿಕ ಮಾಹಿತಿಗೆ ನೇರ ವಿನಾಯಿತಿ ಕೊಟ್ಟಿದೆ. ಸಾರ್ವಜನಿಕ ಹಿತದ ವಾದಕ್ಕೆ 8(2) ಇನ್ನೂ ಇದೆ, ಆದರೆ ಆ ವಾದ ಹೂಡಿ ಗೆಲ್ಲುವಷ್ಟು ಪುರುಸೊತ್ತು ಎಂ.ಎ. ವಿದ್ಯಾರ್ಥಿಗೆ ಇಲ್ಲ. ಗ್ರಾಮವಾರು ಸಂಖ್ಯೆ ಸಾಕು. ರೈತರ ಹೆಸರು ನೀವು ಊರಿಗೆ ಹೋದಾಗ ಅವರೇ ಹೇಳುತ್ತಾರೆ.

ಇನ್ನು ಕಡತ ಬಂತು ಎಂದಿಟ್ಟುಕೊಳ್ಳಿ. ಪಿಡಿಎಫ್ ತೆರೆದರೆ ಕಣ್ಣಿಗೆ ಚೊಕ್ಕ ಕನ್ನಡ. ಒಂದು ಸಾಲು ನಕಲಿಸಿ ಬೇರೆ ಕಡೆ ಅಂಟಿಸಿದರೆ ಇಂಗ್ಲಿಷಿನ ದೊಡ್ಡ ‘ಪಿ’, ತಲೆ ಮೇಲೆ ಗೆರೆ ಹೊತ್ತ ‘ಎ’, ಪೌಂಡಿನ ಚಿಹ್ನೆ, ಚಿಕ್ಕ ‘ಕ್ಯು’. ‘ಕನ್ನಡ’ ಎಂಬ ಪದವೇ ಹಾಗೆ ಕಾಣುತ್ತದೆ. ಕಡತ ಹಾಳಾಗಿಲ್ಲ. ಅದು ಹಳೆಯ ನುಡಿ ಫಾಂಟಿನಲ್ಲಿದೆ, ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರಸಂಕೇತವಾದ ಯುನಿಕೋಡ್‌ನಲ್ಲಿಲ್ಲ, ಅಷ್ಟೇ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದವು. ಪರಿವರ್ತಕಕ್ಕೆ ಹಾಕಿದರೆ ಬಹುಪಾಲು ಸರಿಹೋಗುತ್ತದೆ, ಕೈಕೊಡುವುದು ಅರ್ಕಾವೊತ್ತಿನಲ್ಲಿ. ನುಡಿಯಲ್ಲಿ ಅರ್ಕಾವೊತ್ತು ವ್ಯಂಜನದ ನಂತರ ಕೂತಿರುತ್ತದೆ, ಯುನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಒಯ್ಯದಿದ್ದರೆ ‘ಸರ್ಕಾರ’, ‘ವರ್ಷ’, ‘ಮಾರ್ಚ್’ ಎಲ್ಲ ಕುಲಗೆಡುತ್ತವೆ. ಆದ್ದರಿಂದ ಪರಿವರ್ತಿಸಿದ ಮೇಲೆ ಮೊದಲು ಹುಡುಕಬೇಕಾದದ್ದು ಈ ಮೂರು ಪದ.

ಕಡತ ಸ್ಕ್ಯಾನ್ ಮಾಡಿದ್ದಾದರೆ ಚಿತ್ರದಲ್ಲಿರುವ ಅಕ್ಷರ ಗುರುತಿಸಿ ಪಠ್ಯ ಮಾಡುವ ಒಸಿಆರ್ ಬೇಕು. ಟೆಸರಾಕ್ಟ್‌ನಲ್ಲಿ ಕನ್ನಡ ಮಾದರಿ ಇದೆ, ಗೂಗಲ್ ಡಾಕ್ಸ್ ಕೂಡ ಚಿತ್ರದಿಂದ ಪಠ್ಯ ತೆಗೆಯುತ್ತದೆ. ಸ್ಕ್ಯಾನಿನ ಸ್ಪಷ್ಟತೆ 300 ಡಿಪಿಐಗಿಂತ ಕಡಿಮೆ ಇದ್ದರೆ ಒತ್ತಕ್ಷರಗಳು ಸಾಲುಸಾಲಾಗಿ ಬೀಳುತ್ತವೆ. ಕೋಷ್ಟಕ ಎಳೆಯುವ ಟಬುಲಾ ಪಠ್ಯವಿರುವ ಪಿಡಿಎಫ್‌ಗೆ ಮಾತ್ರ, ಸ್ಕ್ಯಾನ್ ಪ್ರತಿಯ ಮುಂದೆ ಅದು ಮೂಕ. ಯಾವ ದಾರಿ ಹಿಡಿದರೂ ಪರೀಕ್ಷೆ ಒಂದೇ. ಪ್ರತಿ ಪುಟದ ಕೆಳಗೆ ಕಚೇರಿಯವರು ಹಾಕಿದ ‘ಒಟ್ಟು’ ನಿಮ್ಮ ಒಟ್ಟಿಗೆ ತಾಳೆಯಾಗಬೇಕು.

ತಾಳೆಯಾಗದಿದ್ದರೆ ಮೊದಲು ಅಂಕಿಗಳನ್ನು ಅನುಮಾನಿಸಿ. ೧೨೩ ಎಂದು ಕನ್ನಡ ಅಂಕಿಯಲ್ಲಿದ್ದರೆ ಸ್ಪ್ರೆಡ್‌ಶೀಟ್ ಅದನ್ನು ಪದವೆಂದೇ ಓದಿ, ಮೊತ್ತ ಹಾಕುವಾಗ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಇನ್ನೂ ಕೆಟ್ಟದ್ದು, ಕನ್ನಡದ ಸೊನ್ನೆ ಮತ್ತು ಅನುಸ್ವಾರ ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಟೈಪ್ ಮಾಡಿದವರು ‘೧೦’ರಲ್ಲಿ ಸೊನ್ನೆಯ ಬದಲು ಅನುಸ್ವಾರ ಒತ್ತಿದ್ದರೆ ಎಷ್ಟು ದಿಟ್ಟಿಸಿದರೂ ಗೊತ್ತಾಗುವುದಿಲ್ಲ.

ವಿಸ್ತೀರ್ಣದ ಕಾಲಂ ಇದಕ್ಕಿಂತ ದೊಡ್ಡ ಗುಂಡಿ. ಪಹಣಿ ನೋಡಿ ಬೆಳೆದವರಿಗೆ 2.20 ಎಂದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಸ್ಪ್ರೆಡ್‌ಶೀಟಿಗೆ ಅದು ಎರಡು ದಶಮಾಂಶ ಎರಡು. ಜೊತೆಗೆ ಕೊನೆಯ ಸೊನ್ನೆಯನ್ನೂ ನುಂಗಿ 2.2 ಎಂದು ತೋರಿಸುತ್ತದೆ. 1.30 ಮತ್ತು 1.20 ಕೂಡಿದರೆ ಹಾಳೆ 2.50 ಎನ್ನುತ್ತದೆ, ಸರಿಯಾದ ಉತ್ತರ ಮೂರು ಎಕರೆ ಹತ್ತು ಗುಂಟೆ. ಇದರಿಂದ ಸುದ್ದಿಯೇ ತಲೆಕೆಳಗಾಗುತ್ತದೆ. ಆ ವರ್ಷ ಮಳೆಯಾಶ್ರಿತ ಬೆಳೆಗೆ ವಿಪತ್ತು ಪರಿಹಾರ ನಿಧಿಯ ದರ ಹೆಕ್ಟೇರಿಗೆ ₹8,500 ಇತ್ತು. ಎರಡೂವರೆ ಎಕರೆ ಎಂದರೆ 1.01 ಹೆಕ್ಟೇರ್, ಪರಿಹಾರ ಸುಮಾರು ₹8,600. ನೀವು 2.2 ಎಕರೆ ಎಂದು ಓದಿದರೆ ಲೆಕ್ಕ ಸುಮಾರು ₹7,570ಕ್ಕೆ ನಿಲ್ಲುತ್ತದೆ. ಆಗ ‘ಸಾವಿರ ರೂಪಾಯಿ ಹೆಚ್ಚು ಪಾವತಿ, ಅಕ್ರಮದ ಶಂಕೆ’ ಎಂದು ಶೀರ್ಷಿಕೆ ಹೊಳೆಯುತ್ತದೆ. ಅಕ್ರಮ ನಡೆದದ್ದು ನಿಮ್ಮ ಹಾಳೆಯಲ್ಲಿ. ಈ ಕಾಲಂ ಅನ್ನು ಸಂಖ್ಯೆಯಾಗಿ ಅಲ್ಲ, ಪಠ್ಯವಾಗಿ ಒಳಗೆ ತನ್ನಿ. ಚುಕ್ಕಿಯ ಹಿಂದಿನದನ್ನೂ ಮುಂದಿನದನ್ನೂ ಬೇರ್ಪಡಿಸಿ, ಗುಂಟೆಯನ್ನು 40ರಿಂದ ಭಾಗಿಸಿ, ಎಕರೆಗೆ ಕೂಡಿಸಿ, ಆಮೇಲೆ 2.471ರಿಂದ ಭಾಗಿಸಿ ಹೆಕ್ಟೇರ್ ಮಾಡಿ. ಚುಕ್ಕಿಯ ನಂತರ 39ಕ್ಕಿಂತ ದೊಡ್ಡ ಅಂಕಿ ಒಂದೇ ಒಂದು ಕಡೆ ಕಂಡರೂ ಆ ಪಟ್ಟಿ ಗುಂಟೆಯಲ್ಲಿಲ್ಲ, ಹೆಕ್ಟೇರಿನಲ್ಲೋ ದಶಮಾಂಶ ಎಕರೆಯಲ್ಲೋ ಇದೆ ಎಂದರ್ಥ. ಕಚೇರಿಗೆ ಫೋನ್ ಮಾಡಿ ಕೇಳಿ, ಊಹಿಸಬೇಡಿ.

ದರದಿಂದಲೇ ಒಂದು ಬೇಲಿ ಹಾಕಿಕೊಳ್ಳಬಹುದು. ಪರಿಹಾರ ಗರಿಷ್ಠ ಎರಡು ಹೆಕ್ಟೇರಿಗೆ, ಬೆಳೆ ನಷ್ಟ ಶೇ 33 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ. ಮಳೆಯಾಶ್ರಿತಕ್ಕೆ ₹17,000, ನೀರಾವರಿಗೆ (ಹೆಕ್ಟೇರಿಗೆ ₹17,000) ₹34,000, ಬಹುವಾರ್ಷಿಕ ಬೆಳೆಗೆ (ಹೆಕ್ಟೇರಿಗೆ ₹22,500) ₹45,000 ಮೀರಬಾರದು. ಆ ವರ್ಷ ರಾಜ್ಯ ಮೊದಲ ಕಂತಾಗಿ ಗರಿಷ್ಠ ₹2,000 ಕೊಟ್ಟು, ಉಳಿದದ್ದನ್ನು ಕೇಂದ್ರದ ಹಣ ಬಂದ ಮೇಲೆ ಹಾಕಿತು. ಹಾಗಾಗಿ ಒಬ್ಬ ರೈತನಿಗೆ ಎರಡು ಸಾಲು ಇರುವುದು ಸಹಜ. ಸಾಲು ಎಣಿಸಿ ರೈತರ ಸಂಖ್ಯೆ ಬರೆದರೆ ಊರಿನ ಜನಸಂಖ್ಯೆಗಿಂತ ಫಲಾನುಭವಿಗಳೇ ಹೆಚ್ಚಾದರೂ ಆಶ್ಚರ್ಯವಿಲ್ಲ.

ತಾಲ್ಲೂಕುಗಳನ್ನು ಹೋಲಿಸಲು ಜನಸಂಖ್ಯೆ ಬೇಕಾಗುತ್ತದೆ, ಆಗ 2011ರ ಜನಗಣತಿಗೆ ಹೋಗಬೇಕು. ಅದರಲ್ಲಿ ಇರುವುದು 176 ತಾಲ್ಲೂಕು, ಬರದ ಪಟ್ಟಿಯಲ್ಲಿ 236. ಆಮೇಲೆ ಹುಟ್ಟಿದ ಅರವತ್ತು ತಾಲ್ಲೂಕುಗಳಿಗೆ ಗಣತಿಯಲ್ಲಿ ಸಾಲೇ ಇಲ್ಲ, ಹಳ್ಳಿಗಳನ್ನು ಒಟ್ಟುಗೂಡಿಸಿ ನೀವೇ ಕಟ್ಟಬೇಕು. ಜಿಲ್ಲಾ ಮಟ್ಟದಲ್ಲೂ ನೆಮ್ಮದಿಯಿಲ್ಲ. 2021ರಲ್ಲಿ ಆದ ವಿಜಯನಗರ ಜಿಲ್ಲೆಯನ್ನು ಬಳ್ಳಾರಿಯಿಂದ ಕಳೆದರೆ ಸಾಕು ಎಂದುಕೊಂಡವರು ಹರಪನಹಳ್ಳಿಯಲ್ಲಿ ಎಡವುತ್ತಾರೆ. 2011ರಲ್ಲಿ ಆ ತಾಲ್ಲೂಕು ದಾವಣಗೆರೆಯಲ್ಲಿತ್ತು, 2018ರಲ್ಲಿ ಬಳ್ಳಾರಿಗೆ ಬಂತು, ಅಲ್ಲಿಂದ ವಿಜಯನಗರಕ್ಕೆ ಹೋಯಿತು. ಅದನ್ನು ಮರೆತರೆ ಮೂರು ಜಿಲ್ಲೆಗಳ ಅಂಕಿ ಒಟ್ಟಿಗೇ ತಪ್ಪು.

ಹೆಸರು ಹಿಡಿದು ಎರಡು ಪಟ್ಟಿ ಜೋಡಿಸುವುದಂತೂ ಬೇಡವೇ ಬೇಡ. ಗುಲ್ಬರ್ಗ–ಕಲಬುರಗಿ, ಬಿಜಾಪುರ–ವಿಜಯಪುರ ಕಣ್ಣಿಗೆ ಕಾಣುವ ತೊಂದರೆ. ಕಾಣದ್ದು ‘ಕೋಲಾರ’. ‘ಕೋ’ ಅಕ್ಷರದ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ತುಂಡುಗಳಾಗಿಯೂ ಇಡಬಹುದು. ತೆರೆಯ ಮೇಲೆ ಎರಡೂ ಕೋಲಾರವೇ. ಜೋಡಣೆಯ ಸೂತ್ರ ಮಾತ್ರ ‘ಸಿಗಲಿಲ್ಲ’ ಎನ್ನುತ್ತದೆ. ಪೈಥಾನ್ ಪ್ರೋಗ್ರಾಮಿಂಗ್ ಬಂದರೆ ಎರಡನ್ನೂ ಒಂದೇ ಸಂಕೇತಕ್ಕೆ ಇಳಿಸುವ ಎನ್‌ಎಫ್‌ಸಿ ರೂಪಕ್ಕೆ ತರುವುದು ಒಂದು ಸಾಲಿನ ಕೆಲಸ. ಬಾರದಿದ್ದರೆ ಹೆಸರು ಬಿಟ್ಟು ಸಂಕೇತ ಸಂಖ್ಯೆ ಬಳಸಿ. 2011ರ ಗಣತಿಯಲ್ಲಿ ಕರ್ನಾಟಕದ ಸಂಖ್ಯೆ 29, ಜಿಲ್ಲೆಗಳದು 555ರಿಂದ 584.

ಪ್ರಾಜೆಕ್ಟಿನ ಬದಲು ಪ್ರಬಂಧ ಆರಿಸಿಕೊಂಡವರು ಸಾಮಾನ್ಯವಾಗಿ ಮಾಡುವುದು ವಸ್ತು ವಿಶ್ಲೇಷಣೆ, ಕನ್ನಡ ಸುದ್ದಿತಾಣಗಳು ಬರವನ್ನು ಹೇಗೆ ವರದಿ ಮಾಡಿದವು ಅಂತ. ಸುದ್ದಿಗಳನ್ನು ಒಟ್ಟುಹಾಕಿ ‘ಬರ’ ಎಂದು ಹುಡುಕುತ್ತಾರೆ. ಬರಹ, ಬರಲಿಲ್ಲ, ಬರಬೇಕು ಎಲ್ಲ ಬಂದು ಬೀಳುತ್ತವೆ, ಅದು ಬೇಗ ಗೊತ್ತಾಗುತ್ತದೆ. ಗೊತ್ತಾಗದೆ ಉಳಿಯುವುದು ತಿಂಗಳ ಹೆಸರು. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಡಿಸೆಂಬರ್ ನಾಲ್ಕರ ಬಾಲದಲ್ಲೂ ‘ಬ’ ಮತ್ತು ‘ರ’ ಇವೆ, ಯಂತ್ರಕ್ಕೆ ಅದೂ ಬರವೇ. ಗ್ರಾಫ್ ಹಾಕಿದರೆ ಸೆಪ್ಟೆಂಬರಿನಿಂದ ಬರದ ಸುದ್ದಿ ಏರುತ್ತಾ ಹೋಗುತ್ತದೆ. 2023ರಲ್ಲಿ ಬರ ಘೋಷಣೆಯಾದದ್ದೂ ಸೆಪ್ಟೆಂಬರಿನಲ್ಲೇ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ! ಬರಗಾಲ, ಬರಪೀಡಿತ, ಬರ ಪರಿಹಾರ, ಬರ ಘೋಷಣೆ, ಬರದ ಎಂದು ಬೇಕಾದ ರೂಪಗಳ ಪಟ್ಟಿ ಮಾಡಿಕೊಂಡು ಹುಡುಕಿ. ‘ಸರ್ಕಾರ’ದ ಜೊತೆ ‘ಸರಕಾರ’ವನ್ನೂ, ‘ತಾಲ್ಲೂಕು’ ಜೊತೆ ‘ತಾಲೂಕು’ವನ್ನೂ ಸೇರಿಸಿ. ಪತ್ರಿಕೆಯಿಂದ ಪತ್ರಿಕೆಗೆ ಕಾಗುಣಿತದ ರೂಢಿ ಬೇರೆ. ಒಂದೇ ರೂಪ ಹುಡುಕಿದರೆ ಒಂದು ಪತ್ರಿಕೆ ಸರ್ಕಾರದ ಬಗ್ಗೆ ಬರೆದೇ ಇಲ್ಲ ಎಂಬ ತೀರ್ಮಾನಕ್ಕೆ ಬರುತ್ತೀರಿ.

ಸುದ್ದಿಗಳನ್ನು ವರ್ಗೀಕರಿಸುವಾಗ ಇನ್ನೊಬ್ಬರು ಕನಿಷ್ಠ ಹತ್ತನೇ ಒಂದು ಭಾಗವನ್ನಾದರೂ ಪ್ರತ್ಯೇಕವಾಗಿ ವರ್ಗೀಕರಿಸಬೇಕು. ‘ಶೇ 92 ಒಮ್ಮತ’ ಎಂದು ಬರೆದು ಮುಗಿಸುವವರು ಇದನ್ನೊಮ್ಮೆ ನೋಡಿ. ನೂರು ಸುದ್ದಿ, ಪ್ರಶ್ನೆ ‘ರೈತರ ಮಾತು ಇದೆಯೇ?’. ಇಬ್ಬರೂ ‘ಇಲ್ಲ’ ಎಂದದ್ದು 90, ಇಬ್ಬರೂ ‘ಇದೆ’ ಎಂದದ್ದು 2, ಉಳಿದ 8ರಲ್ಲಿ ಭಿನ್ನ, ಒಬ್ಬರು ನಾಲ್ಕಕ್ಕೆ, ಮತ್ತೊಬ್ಬರು ಬೇರೆ ನಾಲ್ಕಕ್ಕೆ ‘ಇದೆ’ ಎಂದಿದ್ದಾರೆ. ಒಮ್ಮತ ಶೇ 92 ನಿಜ. ಆದರೆ ಇಬ್ಬರೂ ಕಣ್ಣುಮುಚ್ಚಿ ಅದೇ ಪ್ರಮಾಣದಲ್ಲಿ ಗುರುತು ಹಾಕಿದ್ದರೂ ಶೇ 88.72 ಹೊಂದುತ್ತಿತ್ತು. ಹಾಗೆ ಆಕಸ್ಮಿಕವಾಗಿ ಹೊಂದುವುದನ್ನು ಕಳೆದು ಒಮ್ಮತ ಅಳೆಯುವ ಕೊಹೆನ್ ಕಪ್ಪಾ ತೆಗೆದರೆ 0.29, ಸಾಮಾನ್ಯವಾಗಿ ನಿರೀಕ್ಷಿಸುವ 0.80 ಎಲ್ಲಿ, ಇದೆಲ್ಲಿ. ವರ್ಗದ ವ್ಯಾಖ್ಯೆಯೇ ಸಡಿಲವಾಗಿದೆ ಎಂದು ಇದರ ಅರ್ಥ. ರೈತ ಸಂಘದ ಮುಖಂಡರ ಹೇಳಿಕೆ ರೈತರ ಮಾತೋ ಅಲ್ಲವೋ ಎಂಬುದನ್ನು ಬರೆದಿಟ್ಟುಕೊಂಡಿರಲಿಲ್ಲ.

ಹಿರಿಯರ ಪ್ರಬಂಧ ನೋಡಿ ವಿಧಾನ ಎತ್ತಿಕೊಳ್ಳುವವರಿಗೆ ಒಂದು ಮಾತು. ಫೇಸ್‌ಬುಕ್ ಪೋಸ್ಟುಗಳ ಲೆಕ್ಕ ತೆಗೆಯಲು ಎಲ್ಲರೂ ಬಳಸುತ್ತಿದ್ದ ಕ್ರೌಡ್‌ಟ್ಯಾಂಗಲ್ 2024ರ ಆಗಸ್ಟ್ 14ಕ್ಕೆ ಮುಚ್ಚಿತು. ಟ್ವಿಟರ್ ಸಂಶೋಧಕರಿಗೆ ಉಚಿತವಾಗಿ ಕೊಡುತ್ತಿದ್ದ ದಾರಿ 2023ರಲ್ಲೇ ಬಂದ್ ಆಯಿತು. ಆ ಅಧ್ಯಾಯಗಳನ್ನು ಓದಿ, ಅನುಸರಿಸಲು ಹೋಗಬೇಡಿ.

ವಿಡಿಯೊ ಬಗ್ಗೆ ಚುಟುಕಾಗಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿಯೇ ರೆಕಾರ್ಡ್ ಒತ್ತಿ. ಟ್ಯೂಬ್‌ಲೈಟಿನ ಕೆಳಗೆ ಚಿತ್ರ ಪಟಪಟ ಮಿನುಗಿದರೆ ಶಟರ್ 1/50ಕ್ಕೆ ತನ್ನಿ, ನಮ್ಮ ವಿದ್ಯುತ್ 50 ಹರ್ಟ್ಸ್. ಫೋನಿನ ವಿಡಿಯೊ ಫ್ರೇಮ್ ದರ ಏರಿಳಿಯುತ್ತಿರುತ್ತದೆ. ನೇರ ಎಡಿಟಿಂಗಿಗೆ ಹಾಕಿದರೆ ಹತ್ತನೇ ನಿಮಿಷದ ಹೊತ್ತಿಗೆ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗಬಹುದು, ವಿಡಿಯೊ ಪರಿವರ್ತಿಸುವ ಸಾಫ್ಟ್‌ವೇರ್ ಹ್ಯಾಂಡ್‌ಬ್ರೇಕ್‌ನಲ್ಲಿ ಸ್ಥಿರ ದರಕ್ಕೆ ಬದಲಿಸಿಕೊಳ್ಳಿ. ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನಲ್ಲಿ ಕನ್ನಡದ ಒತ್ತು ಬಿಡಿಬಿಡಿಯಾಗಿ ಬಂದರೆ ಫಾಂಟನ್ನು ಬೈಯಬೇಡಿ, ಗ್ರಾಫಿಕ್ಸ್ ಆದ್ಯತೆಗಳಲ್ಲಿ ಪಠ್ಯ ಎಂಜಿನನ್ನು ದಕ್ಷಿಣ ಏಷ್ಯಾದ್ದಕ್ಕೆ ಬದಲಿಸಿ. ಎರಡು ಸಾಲಿನ ಅಡಿಬರಹದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ, ಸಾಲಿನ ಅಂತರ ಇಂಗ್ಲಿಷಿಗೆ ಇಡುವುದಕ್ಕಿಂತ ಜಾಸ್ತಿ ಇರಲಿ.

ಊರಿನವರು ಒಣಗಿದ ಜೋಳದ ಫೋಟೊ ಕಳಿಸಿದರೆ ವಾಟ್ಸ್‌ಆ್ಯಪಿನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಫೋಟೊ ಆಗಿ ಬಂದರೆ ತೆಗೆದ ದಿನಾಂಕ, ಜಾಗದ ಗುರುತು ಎಲ್ಲ ಅಳಿಸಿರುತ್ತದೆ. ಎಲ್ಲಿಂದಲೋ ಹರಿದಾಡಿ ಬಂದ ವಿಡಿಯೊ ಆದರೆ ವಿಡಿಯೊ ಪರಿಶೀಲಿಸುವ ಉಪಕರಣ ಇನ್‌ವಿಡ್‌ನಲ್ಲಿ ಚೌಕಟ್ಟು ಬಿಡಿಸಿ ಹಿಮ್ಮುಖವಾಗಿ ಹುಡುಕಿ, ಜೊತೆಗೆ ನಿಮ್ಮ ಕಣ್ಣನ್ನೂ ಬಳಸಿ. ಟ್ರಾನ್ಸ್‌ಫಾರ್ಮರ್ ಮೇಲೆ ವಿದ್ಯುತ್ ಕಂಪನಿಯ ಹೆಸರು ಹೆಸ್ಕಾಂ ಎಂದಿದೆಯೋ ಜೆಸ್ಕಾಂ ಎಂದಿದೆಯೋ ನೋಡಿದರೆ ಹುಬ್ಬಳ್ಳಿ ಕಡೆಯೋ ಕಲಬುರಗಿ ಕಡೆಯೋ ಎಂಬುದು ಒಂದೇ ನೋಟಕ್ಕೆ ತೀರ್ಮಾನವಾಗುತ್ತದೆ. ಬಸ್ಸಿನ ನಂಬರ್ ಅಷ್ಟು ನಂಬುವಂಥದ್ದಲ್ಲ, ಅದು ನೋಂದಣಿಯ ಊರು ಹೇಳುತ್ತದೆ, ಓಡಾಡುವ ಊರನ್ನಲ್ಲ.

ಪ್ರಕಟಿಸುವಾಗ ಪುಟದ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲೇ ಇಡಿ. ಅಭಿಮಾನ ಬೇರೆ, ಲೆಕ್ಕ ಬೇರೆ. ಕನ್ನಡದ ಪ್ರತಿ ಸಂಕೇತ ಮೂರು ಬೈಟ್, ವಿಳಾಸದಲ್ಲಿ ಒಂಬತ್ತು ಅಕ್ಷರವಾಗಿ ಬಿಚ್ಚಿಕೊಳ್ಳುತ್ತದೆ. ‘ಕರ್ನಾಟಕ’ ಎಂಬ ಒಂದೇ ಪದ 63 ಅಕ್ಷರ, ಅದನ್ನು ನಕಲಿಸಿ ಕಳಿಸಿದರೆ ಶೇಕಡಾ ಚಿಹ್ನೆಗಳ ಸಂತೆ. ಓದುಗರ ಲೆಕ್ಕ ಪ್ರಬಂಧದಲ್ಲಿ ಸೇರಿಸುವುದಾದರೆ, ಈಗಿನ ಗೂಗಲ್ ಅನಲಿಟಿಕ್ಸ್‌ನಲ್ಲಿ ಹತ್ತು ಸೆಕೆಂಡು ದಾಟಿದರೂ ಅದು ‘ತೊಡಗಿಕೊಂಡ’ ಭೇಟಿ ಎಂಬುದು ನೆನಪಿರಲಿ. ಹತ್ತು ಸೆಕೆಂಡಿನಲ್ಲಿ ಕನ್ನಡದ ಎರಡು ಪ್ಯಾರಾ ಓದುವುದೂ ಕಷ್ಟ.

ಇಷ್ಟೆಲ್ಲ ಮಾಡುವಾಗ ಮೂರು ಫೋಲ್ಡರ್ ಇರಲಿ. ‘ಮೂಲ’ದಲ್ಲಿ ಕಚೇರಿಯಿಂದ ಬಂದ ಕಡತ ಬಂದ ಹಾಗೇ, ಲಕೋಟೆಯ ಮತ್ತು ಸ್ವೀಕೃತಿಯ ಫೋಟೊ ಸಮೇತ, ಅದನ್ನು ತೆರೆದು ಉಳಿಸುವುದೂ ಬೇಡ. ‘ಶುದ್ಧ’ದಲ್ಲಿ ನೀವು ಸರಿಪಡಿಸಿದ ಹಾಳೆ, ಪಕ್ಕದಲ್ಲಿ ಒಂದು ಸಾದಾ ಪಠ್ಯ ಕಡತ: ಯಾವ ದಿನ, ಎಷ್ಟನೇ ಸಾಲು, ಏನಿತ್ತು, ಏನು ಮಾಡಿದೆ, ಯಾಕೆ. ‘ಪ್ರಕಟ’ದಲ್ಲಿ ಗ್ರಾಫ್ ಮತ್ತು ಬರಹ. ಮೌಖಿಕ ಪರೀಕ್ಷೆಯಲ್ಲಿ ಗ್ರಾಫಿನ ಬಣ್ಣದ ಬಗ್ಗೆ ಯಾರೂ ಕೇಳುವುದಿಲ್ಲ. ‘ಈ 212ನೇ ಸಾಲಿನಲ್ಲಿ ವಿಸ್ತೀರ್ಣ ಬದಲಾಗಿದೆಯಲ್ಲ, ಮೂಲ ತೋರಿಸಿ’ ಎಂದು ಕೇಳುತ್ತಾರೆ. ಆಗ ಆ ಪಠ್ಯ ಕಡತ ತೆರೆಯಲು ಅರ್ಧ ನಿಮಿಷ ಸಾಕು.